ಪಹಣಿಯಿಂದ ಪ್ರಬಂಧಕ್ಕೆ: ಮಾಹಿತಿ ವ್ಯವಸ್ಥೆಗಳ ಸಂಶೋಧನೆಗೊಂದು ಚೌಕಟ್ಟು



ನಿರ್ವಹಣಾ ಮಾಹಿತಿ ವ್ಯವಸ್ಥೆಗಳ (ಎಂಐಎಸ್) ಮೇಲಿನ ಸಂಶೋಧನೆಯನ್ನು ಅಣಿಗೊಳಿಸಲು ಪರಿಕಲ್ಪನಾ ಚೌಕಟ್ಟುಗಳು ಹೇಗೆ ನೆರವಾಗುತ್ತವೆ ಎಂಬುದು ಇವತ್ತಿನ ನನ್ನ ವಿಷಯ. ಹೆಸರು ಕೇಳಿದರೆ ಇದು ಬೆಂಗಳೂರಿನ ಕಂಪನಿಗಳಿಗೂ ಎಂಬಿಎ ತರಗತಿಗಳಿಗೂ ಸೇರಿದ ಸಂಗತಿ ಅನ್ನಿಸಬಹುದು. ಆದರೆ ‘ಎಂಐಎಸ್ ಆಗಿಲ್ಲ, ಅದಕ್ಕೇ ಕೂಲಿ ಬಂದಿಲ್ಲ’ ಎಂಬ ಮಾತನ್ನು ಉದ್ಯೋಗ ಖಾತ್ರಿ ಕೆಲಸ ಮಾಡಿದ ಕೂಲಿಕಾರರು ಗ್ರಾಮ ಪಂಚಾಯಿತಿಯ ಮೆಟ್ಟಿಲ ಮೇಲೆ ಎಷ್ಟೋ ಸಲ ಕೇಳಿದ್ದಾರೆ. ಪಹಣಿ, ಪಡಿತರ, ಬೆಳೆ ವಿಮೆ, ವೃದ್ಧಾಪ್ಯ ವೇತನ ಎಲ್ಲವೂ ಇಂದು ಒಂದಲ್ಲ ಒಂದು ಮಾಹಿತಿ ವ್ಯವಸ್ಥೆಯ ಮೂಲಕವೇ ಮನೆಗೆ ಬರುತ್ತವೆ, ಅಥವಾ ಬಾರದೆ ನಿಲ್ಲುತ್ತವೆ. ಹಾಗಾಗಿ ಈ ವ್ಯವಸ್ಥೆಗಳನ್ನು ಸರಿಯಾಗಿ ಅಧ್ಯಯನ ಮಾಡುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ದೂರದ ಕೆಲಸವಲ್ಲ.

ಮೊದಲು ಈ ಚೌಕಟ್ಟುಗಳು ಎಲ್ಲಿ ಹುಟ್ಟಿದವು, ಅವುಗಳಲ್ಲಿ ನಮಗೆ ಬೇಕಾದವು ಯಾವುವು ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ನಂತರ ಕರ್ನಾಟಕದ ‘ಭೂಮಿ’ ಯೋಜನೆಯ ಮೇಲೆ ಬಂದಿರುವ ಸಂಶೋಧನೆಯನ್ನು ಒಂದು ಚೌಕಟ್ಟಿನ ಮೇಲಿಟ್ಟು ನೋಡೋಣ. ಇವತ್ತಿನ ಹೆಚ್ಚಿನ ಸಮಯ ಅದಕ್ಕೇ ಮೀಸಲು. ಆಮೇಲೆ ನಮ್ಮ ತಾಲ್ಲೂಕುಗಳಿಗೆ ಬಂದು, ಹೊರಗಿನ ಚೌಕಟ್ಟುಗಳು ಊಹಿಸದೇ ಇದ್ದ ಕೆಲವು ಸಂಗತಿಗಳನ್ನು ಮುಂದಿಡುತ್ತೇನೆ. ಕೊನೆಗೆ, ಇಲ್ಲಿಯ ವಿದ್ಯಾರ್ಥಿಯೊಬ್ಬರು ಕೈಗೆತ್ತಿಕೊಳ್ಳಬಹುದಾದ ಒಂದು ಅಧ್ಯಯನದ ರೂಪರೇಖೆ.

ಚೌಕಟ್ಟು ಏನು ಮಾಡುತ್ತದೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಅದು ಉತ್ತರ ಕೊಡುವುದಿಲ್ಲ. ನಮ್ಮ ಕೆಂಪು ಹೊಲಗಳಲ್ಲಿ ಕೂರಿಗೆ ಸಾಲು ಹಾಕುತ್ತದೆ. ಬೀಜ, ಮಳೆ ಬೇರೆಯೇ. ಆದರೆ ಸಾಲಿನಲ್ಲಿ ಬಿತ್ತಿದ ಹೊಲದಲ್ಲಿ ಎಲ್ಲಿ ಬೀಜ ಬಿದ್ದಿಲ್ಲ ಎಂಬುದು ಹತ್ತೇ ದಿನಕ್ಕೆ ಕಣ್ಣಿಗೆ ಬೀಳುತ್ತದೆ. ಎರಚಿ ಬಿತ್ತಿದ ಹೊಲದಲ್ಲಿ ಆ ಖಾಲಿ ಜಾಗ ಗೊತ್ತೇ ಆಗುವುದಿಲ್ಲ. ಒಂದು ವಿಷಯದ ಮೇಲೆ ನೂರು ಪ್ರಬಂಧಗಳಿದ್ದರೂ, ಯಾರೂ ಕೇಳದ ಪ್ರಶ್ನೆ ಯಾವುದು ಎಂಬುದು ಚೌಕಟ್ಟಿಲ್ಲದೆ ಕಾಣುವುದಿಲ್ಲ. ನಾನು ಇವತ್ತು ಹೇಳಬೇಕೆಂದಿರುವುದರ ತಿರುಳು ಇದೇ.

ಈಗ ಮೊದಲ ಭಾಗ. 1960ರ ದಶಕದ ಹೊತ್ತಿಗೆ ಅಮೆರಿಕದ ಕಂಪನಿಗಳು ಸಂಬಳದ ಪಟ್ಟಿ, ದಾಸ್ತಾನು ಲೆಕ್ಕಗಳಿಗೆ ಕಂಪ್ಯೂಟರ್ ಬಳಸತೊಡಗಿದ್ದವು. ವ್ಯವಸ್ಥಾಪಕರ ತೀರ್ಮಾನಗಳಿಗೂ ಇದು ಒದಗುತ್ತದೆಯೇ ಎಂಬ ಪ್ರಶ್ನೆ ಎದ್ದಾಗ ಈ ಅಧ್ಯಯನ ಕ್ಷೇತ್ರ ಹುಟ್ಟಿತು. 1971ರಲ್ಲಿ ಗೋರಿ ಮತ್ತು ಸ್ಕಾಟ್ ಮಾರ್ಟನ್ ಎಂಬ ಇಬ್ಬರು ವಿದ್ವಾಂಸರು ಒಂದು ಸರಳ ಕೋಷ್ಟಕ ಕೊಟ್ಟರು. ಅಡ್ಡಸಾಲಿನಲ್ಲಿ ರಾಬರ್ಟ್ ಆಂಥೊನಿ 1965ರಲ್ಲಿ ಗುರುತಿಸಿದ್ದ ಮೂರು ಮಟ್ಟಗಳು: ದಿನನಿತ್ಯದ ಕಾರ್ಯನಿಯಂತ್ರಣ, ವ್ಯವಸ್ಥಾಪಕರ ನಿಯಂತ್ರಣ, ದೂರಗಾಮಿ ಯೋಜನೆ. ಉದ್ದಸಾಲಿನಲ್ಲಿ ಹರ್ಬರ್ಟ್ ಸೈಮನ್ ಅವರ ಚಿಂತನೆಯಿಂದ ಪಡೆದ ವಿಂಗಡಣೆ: ನಿಯಮ ಬರೆದಿಡಬಹುದಾದ ತೀರ್ಮಾನಗಳು, ಅರೆಬರೆ ಬರೆದಿಡಬಹುದಾದವು, ಬರೆದಿಡಲು ಬಾರದವು.

ಈ ಕೋಷ್ಟಕವನ್ನು ನಮ್ಮ ತಾಲ್ಲೂಕು ಕಚೇರಿಗೆ ಹಿಡಿದು ನೋಡಿ. ಪಹಣಿ ಮುದ್ರಿಸಿ ಕೊಡುವುದು ದಿನನಿತ್ಯದ ಕೆಲಸ, ನಿಯಮವೂ ಸ್ಪಷ್ಟ. ಯಾವ ಹೋಬಳಿಯಲ್ಲಿ ಖಾತೆ ಬದಲಾವಣೆಯ ಮ್ಯುಟೇಶನ್‌ಗಳು ಬಾಕಿ ಉಳಿದಿವೆ, ಏಕೆ ಎಂದು ತಹಶೀಲ್ದಾರರು ವಿಚಾರಿಸುವುದು ನಡುವಿನ ಮಟ್ಟ. ತಾಲ್ಲೂಕನ್ನು ಬರಪೀಡಿತ ಎಂದು ಘೋಷಿಸಬೇಕೆ ಎಂಬುದು ಅದಕ್ಕೂ ಮೇಲಿನದು. ಮಳೆಮಾಪಕಗಳ ಅಂಕಿ ಬರುತ್ತದೆ, ಉಪಗ್ರಹದ ಚಿತ್ರ ಬರುತ್ತದೆ. ಅಷ್ಟಾದ ಮೇಲೂ ಆಯ್ದ ಹಳ್ಳಿಗಳ ಹೊಲಗಳಿಗೆ ಹೋಗಿ ಕಣ್ಣಾರೆ ನೋಡಿ ಬರಬೇಕೆಂದು ಕೇಂದ್ರ ಸರ್ಕಾರದ 2016ರ ಬರ ಕೈಪಿಡಿಯೇ ಹೇಳುತ್ತದೆ. 2023ರ ಮುಂಗಾರು ಕೈಕೊಟ್ಟಾಗ ರಾಜ್ಯ ಸರ್ಕಾರ ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಆಮೇಲೆ ಪಟ್ಟಿ ಬೆಳೆಯುತ್ತಾ 223 ತಾಲ್ಲೂಕುಗಳಿಗೆ ಮುಟ್ಟಿತು. ಒಂದೇ ಋತುವಿನಲ್ಲಿ ಪಟ್ಟಿ ಹೀಗೆ ಬದಲಾಗುವುದು, ಆ ತೀರ್ಮಾನ ಪೂರ್ತಿ ನಿಯಮಕ್ಕೆ ಸಿಕ್ಕುವಂಥದ್ದಲ್ಲ ಎಂಬುದಕ್ಕೆ ಸಾಕ್ಷಿ.

ಗೋರಿ ಮತ್ತು ಸ್ಕಾಟ್ ಮಾರ್ಟನ್ ಅವರ ಮುಖ್ಯ ಆಕ್ಷೇಪ ಒಂದಿತ್ತು. ವ್ಯವಸ್ಥೆಗಳೆಲ್ಲ ಸುಲಭದ ಮೂಲೆಯಲ್ಲೇ, ಅಂದರೆ ನಿಯಮ ಸ್ಪಷ್ಟವಿರುವ ದಿನನಿತ್ಯದ ಕೆಲಸದಲ್ಲೇ ಗುಂಪುಗೂಡುತ್ತವೆ ಎಂಬುದು ಅದು. ಐವತ್ತು ವರ್ಷಗಳ ಮೇಲಾದರೂ ಆ ಮಾತು ಹಳತಾಗಿಲ್ಲ.

1973ರಲ್ಲಿ ಮೇಸನ್ ಮತ್ತು ಮಿಟ್ರಾಫ್ ಬಂದು ಯಂತ್ರದ ಬದಲು ಮನುಷ್ಯನನ್ನು ಮುಂದಿಟ್ಟರು. ಯಾವ ಮನೋಧರ್ಮದ ವ್ಯಕ್ತಿ, ಎಂಥ ಸಮಸ್ಯೆ, ಯಾವ ಸಂಸ್ಥೆಯ ಒಳಗೆ, ಯಾವ ಬಗೆಯ ಪುರಾವೆಯನ್ನು ನಂಬುತ್ತಾನೆ, ಅದು ಯಾವ ರೂಪದಲ್ಲಿ ಅವನ ಮುಂದೆ ಬರುತ್ತದೆ ಎಂಬ ಐದು ಅಂಶಗಳನ್ನು ಅವರು ಹೇಳಿದರು. ಇದರಲ್ಲಿ ‘ಪುರಾವೆ’ ಎಂಬುದು ನಮಗೆ ಬಹಳ ಮುಖ್ಯ. ಕಂಪ್ಯೂಟರ್ ಪಹಣಿಯಲ್ಲಿ ಒಂದು ಹೆಸರು, ಊರ ಹಿರಿಯರ ಬಾಯಲ್ಲಿ ಇನ್ನೊಂದು ಹೆಸರು ಇದ್ದಾಗ ಯಾವುದನ್ನು ನಂಬಬೇಕು ಎಂಬುದು ಹಳ್ಳಿಗಳಲ್ಲಿ ದಿನಬೆಳಗಾದರೆ ಏಳುವ ಪ್ರಶ್ನೆ.

ಮೂರನೆಯದು, ನಾನು ಇವತ್ತು ಕೈಯಲ್ಲಿ ಹಿಡಿದು ನಡೆಯಲಿರುವ ಚೌಕಟ್ಟು. 1980ರಲ್ಲಿ ಐವ್ಸ್, ಹ್ಯಾಮಿಲ್ಟನ್, ಗಾರ್ಡನ್ ಡೇವಿಸ್ ಎಂಬ ಮೂವರು ಇದನ್ನು ಪ್ರಕಟಿಸಿದರು. ಮಾಹಿತಿ ವ್ಯವಸ್ಥೆಯ ಸುತ್ತ ಐದು ಪರಿಸರಗಳಿವೆ ಎಂದರು: ಹೊರಗಿನ ಸಮಾಜ, ಅದನ್ನು ನಡೆಸುವ ಸಂಸ್ಥೆ, ಬಳಕೆದಾರರು, ಅದನ್ನು ಕಟ್ಟುವವರ ಪರಿಸರ, ಅದನ್ನು ದಿನವೂ ಓಡಿಸುವವರ ಪರಿಸರ. ಜೊತೆಗೆ ಕಟ್ಟುವುದು, ಓಡಿಸುವುದು, ಬಳಸುವುದು ಎಂಬ ಮೂರು ಪ್ರಕ್ರಿಯೆಗಳು. ಇಷ್ಟಕ್ಕೇ ನಿಲ್ಲದೆ 300ಕ್ಕೂ ಹೆಚ್ಚು ಡಾಕ್ಟರೇಟ್ ಪ್ರಬಂಧಗಳನ್ನು ಈ ಚೌಕಟ್ಟಿನಲ್ಲಿ ಹಂಚಿ ನೋಡಿದರು. ಎಲ್ಲಿ ಸಂಶೋಧನೆ ದಟ್ಟವಾಗಿದೆ, ಎಲ್ಲಿ ವಿರಳವಾಗಿದೆ ಎಂಬುದು ಆಗ ಕಂಡಿತು. ಚೌಕಟ್ಟಿನ ನಿಜವಾದ ಉಪಯೋಗ ಇದು. ದುರದೃಷ್ಟವಶಾತ್ ನಮ್ಮಲ್ಲಿ ಎಷ್ಟೋ ಪ್ರಬಂಧಗಳ ಎರಡನೇ ಅಧ್ಯಾಯದಲ್ಲಿ ಚೌಕಟ್ಟೊಂದರ ಚಿತ್ರ ಇರುತ್ತದೆ, ಐದನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಅದರ ಸುಳಿವೇ ಇರುವುದಿಲ್ಲ.

ಇನ್ನು ಎರಡನೇ ಭಾಗಕ್ಕೆ, ‘ಭೂಮಿ’ಗೆ ಬರೋಣ. ಜಗತ್ತಿನ ಮಾಹಿತಿ ವ್ಯವಸ್ಥೆಗಳ ಸಾಹಿತ್ಯದಲ್ಲಿ ಕರ್ನಾಟಕದ ಹೆಸರು ಅತಿ ಹೆಚ್ಚು ಸಲ ಬಂದಿರುವುದು ಈ ಯೋಜನೆಯಿಂದ. ಹಿಂದೆ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ, 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಯೋಜನೆಯನ್ನು ಮುನ್ನಡೆಸಿದವರು ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ. 2001ರಲ್ಲಿ ಮದ್ದೂರಿನಲ್ಲಿ ಪಹಣಿ ಕೇಂದ್ರ ಶುರುವಾಗಿ, 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಿಗೆಲ್ಲ ಹಬ್ಬಿತು. ಆಗ ಪಹಣಿಗೆ 15 ರೂಪಾಯಿ ಶುಲ್ಕವಿತ್ತು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಹೋಯಿತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಕಂಪ್ಯೂಟರಿನೊಳಗೆ ಹೋಗಬೇಕಾಯಿತು. ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮ ತಂತ್ರಾಂಶದೊಳಗೇ ಸೇರಿತು.

ಇದರ ಮೇಲೆ ಬಂದ ಅಧ್ಯಯನಗಳಲ್ಲಿ ನಾಲ್ಕನ್ನು ಚೌಕಟ್ಟಿನ ಮೇಲಿಡುತ್ತೇನೆ.

ಚಾವ್ಲಾ ಅವರೂ ಅಹಮದಾಬಾದಿನ ಐಐಎಂನ ಪ್ರಾಧ್ಯಾಪಕ ಸುಭಾಷ್ ಭಟ್ನಾಗರ್ ಅವರೂ ಬರೆದ ಪ್ರಕರಣ ಅಧ್ಯಯನ ಮೊದಲನೆಯದು. ವ್ಯವಸ್ಥೆಯನ್ನು ಹೇಗೆ ಕಟ್ಟಿದರು, ದತ್ತಾಂಶ ಹೇಗೆ ತುಂಬಿದರು, ಸಿಬ್ಬಂದಿಯನ್ನು ಹೇಗೆ ಅಣಿಗೊಳಿಸಿದರು ಎಂಬುದು ಅದರ ಹೂರಣ. ಚೌಕಟ್ಟಿನಲ್ಲಿ ಅದರ ಜಾಗ ಕಟ್ಟುವ ಪ್ರಕ್ರಿಯೆ. ಎರಡನೆಯದು ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಮಾಡಿದ ಸಮೀಕ್ಷೆ. ಪಹಣಿ ಕೇಂದ್ರಕ್ಕೆ ಬಂದ ರೈತರನ್ನೇ ಕೇಳಿ, ಕಾಯುವ ಹೊತ್ತು ಇಳಿದಿದೆ, ಲಂಚದ ಕಾಟ ಬಹಳ ತಗ್ಗಿದೆ ಎಂದು ಅದು ವರದಿ ಮಾಡಿತು. ಇದು ಬಳಕೆದಾರರ ಪರಿಸರ ಮತ್ತು ಬಳಕೆಯ ಪ್ರಕ್ರಿಯೆಗೆ ಸೇರಿದ್ದು. ಮೂರನೆಯದು ಬೆಂಗಳೂರಿನ ಐಐಎಂನ ರಾಹುಲ್ ದೇ ಅವರು ಅಮಿತ್ ಪ್ರಕಾಶ್ ಜೊತೆಗೂಡಿ 2007ರಲ್ಲಿ ಪ್ರಕಟಿಸಿದ ಲೇಖನ. ಭೂದಾಖಲೆಯ ಗಣಕೀಕರಣವನ್ನು ಅಭಿವೃದ್ಧಿಯ ಸಂದರ್ಭದಿಂದ ಬೇರ್ಪಡಿಸಿ ಅಳೆಯಲು ಬರುವುದಿಲ್ಲ ಎಂಬುದು ಅದರ ನಿಲುವು. ನಾಲ್ಕನೆಯದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರ 2007ರ ಅಧ್ಯಯನ. ಹಳ್ಳಿಯಲ್ಲಿದ್ದ ಮಾಹಿತಿ ಮತ್ತು ಅಧಿಕಾರ ತಾಲ್ಲೂಕಿಗೆ ಹೋದದ್ದರಿಂದ, ಬೆಂಗಳೂರಿನ ಸುತ್ತಮುತ್ತ ಭೂಮಿ ಕೊಳ್ಳುವ ದೊಡ್ಡ ಕೈಗಳಿಗೆ ಹಾದಿ ಸುಗಮವಾಯಿತು ಎಂದು ಅದು ವಾದಿಸಿತು. ಲಂಚ ಇಳಿಯಿತು ಎಂಬ ಮಾತನ್ನೂ ಅದು ಒಪ್ಪಲಿಲ್ಲ.

ವಿದ್ಯಾರ್ಥಿಗಳು ಈ ನಾಲ್ಕನ್ನೂ ಓದಿ ಗೊಂದಲಕ್ಕೆ ಬೀಳುವುದು ಸಹಜ. ಒಂದು ಕಡೆ ವಿಶ್ವಬ್ಯಾಂಕ್ ಕೊಂಡಾಡಿದ ಮಾದರಿ, ಇನ್ನೊಂದು ಕಡೆ ಬಡ ರೈತರ ನೆಲ ಕೈಜಾರಲು ನೆರವಾದ ವ್ಯವಸ್ಥೆ. ಯಾವುದು ಸರಿ? ಚೌಕಟ್ಟಿಲ್ಲದಿದ್ದರೆ ಇಲ್ಲಿ ಪಕ್ಷ ವಹಿಸುವುದೊಂದೇ ದಾರಿ. ಚೌಕಟ್ಟಿನ ಮೇಲಿಟ್ಟರೆ ಜಗಳ ಎರಡು ಪಾಲಾಗುತ್ತದೆ. ಕಿಟಕಿಯ ಮುಂದೆ ಪಹಣಿಗಾಗಿ ನಿಂತ ರೈತನಿಗೆ ಹೊತ್ತು ಉಳಿಯಿತು ಎಂಬುದು ಚೌಕಟ್ಟಿನಲ್ಲಿ ಬಳಕೆಯ ಮನೆಗೆ ಸೇರಿದ ಮಾತು. ಭೂಮಾರುಕಟ್ಟೆಯಲ್ಲಿ ಬಲಾಬಲ ಬದಲಾಯಿತು ಎಂಬುದು ಹೊರಗಿನ ಸಮಾಜದ ಮನೆಗೆ ಸೇರಿದ್ದು. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. ಆದರೆ ಲಂಚದ ಪ್ರಶ್ನೆಯಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್‌ನವರೂ ಬೆಂಜಮಿನ್ ಸಂಗಡಿಗರೂ ಒಂದೇ ಮನೆಯ ಬಗ್ಗೆ ಎದುರುಬದುರಿನ ಮಾತಾಡುತ್ತಿದ್ದಾರೆ. ಅಲ್ಲಿ ನಿಜವಾದ ಭಿನ್ನಾಭಿಪ್ರಾಯವಿದೆ, ಅಲ್ಲಿ ಹೊಸ ಕ್ಷೇತ್ರಕಾರ್ಯ ಬೇಕು. ತೋರಿಕೆಯ ಜಗಳವನ್ನೂ ನಿಜವಾದ ಜಗಳವನ್ನೂ ಬೇರ್ಪಡಿಸಿ ತೋರಿಸುವುದು ಸಣ್ಣ ಉಪಕಾರವಲ್ಲ. ಅಷ್ಟೇ ಅಲ್ಲ, ಒಬ್ಬರು ಪಹಣಿಯ ನಕಲು ಪಡೆಯುವುದನ್ನು ಅಳೆದು ಇನ್ನೊಬ್ಬರು ಮ್ಯುಟೇಶನ್ ಮಾಡಿಸುವುದನ್ನು ಅಳೆದರೆ ಲಂಚದ ಲೆಕ್ಕವೂ ಬೇರೆಯಾಗಿಯೇ ಬರುತ್ತದೆ. ನಕಲು ಕೊಡಲು ಯಾರ ವಿವೇಚನೆಯೂ ಬೇಡ. ಮ್ಯುಟೇಶನ್‌ಗೆ ನೋಟಿಸು, ತಕರಾರು, ಸ್ಥಳ ವಿಚಾರಣೆ ಎಂದು ಹಲವರ ಕೈ ಬೇಕು.

ಈಗ ಖಾಲಿ ಸಾಲು ನೋಡಿ. ಓಡಿಸುವವರ ಪರಿಸರ ಎಂದೆನಲ್ಲ, ಅಲ್ಲಿ ‘ಭೂಮಿ’ ಸಾಹಿತ್ಯ ಬಹಳ ತೆಳು. ವ್ಯವಸ್ಥೆ ಉದ್ಘಾಟನೆಯಾದ ಇಪ್ಪತ್ತು ವರ್ಷಗಳ ಮೇಲೆ ಅದನ್ನು ದಿನವೂ ಓಡಿಸುತ್ತಿರುವ ಗ್ರಾಮ ಆಡಳಿತ ಅಧಿಕಾರಿಗಳು, ನಾಡಕಚೇರಿಯ ಡಾಟಾ ಎಂಟ್ರಿ ಆಪರೇಟರುಗಳು ಆ ಪ್ರಬಂಧಗಳಲ್ಲಿ ಕಾಣುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದರು. ಒಬ್ಬೊಬ್ಬರ ಮೊಬೈಲಿಗೆ ಒಂದರ ಮೇಲೊಂದು ಆ್ಯಪ್ ಹೇರಿ, ಅದಕ್ಕೆ ತಕ್ಕ ಉಪಕರಣ, ಕಚೇರಿ, ಸೌಲಭ್ಯ ಕೊಟ್ಟಿಲ್ಲ ಎಂಬುದು ಅವರ ಮುಖ್ಯ ದೂರುಗಳಲ್ಲಿ ಒಂದು. ಸಂಶೋಧಕರು ಕೇಳದೆ ಬಿಟ್ಟ ಪ್ರಶ್ನೆಯನ್ನು ಅವರೇ ಬೀದಿಗಿಳಿದು ಕೇಳಿದರು. ಮ್ಯಾಂಚೆಸ್ಟರಿನ ರಿಚರ್ಡ್ ಹೀಕ್ಸ್ 2002ರಲ್ಲಿ ಹೇಳಿದ್ದು ಇಲ್ಲಿ ನೆನಪಾಗುತ್ತದೆ: ವಿನ್ಯಾಸಕಾರರ ಊಹೆಗೂ ನೆಲದ ವಾಸ್ತವಕ್ಕೂ ಅಂತರ ಹೆಚ್ಚಿದಷ್ಟೂ ವ್ಯವಸ್ಥೆ ಸೋಲುವ ಅಪಾಯ ಹೆಚ್ಚು, ಆ ಅಂತರವನ್ನು ತುಂಬುವುದು ಸ್ಥಳೀಯರ ಹೊಂದಾಣಿಕೆ. ಸಿಗ್ನಲ್ ಸಿಗದ ಕಡೆ ಗುಡ್ಡ ಹತ್ತಿ ಮಾಹಿತಿ ಕಳಿಸುವುದು, ದಾಖಲೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳುವುದು, ಇವೆಲ್ಲ ಅಂಥ ಹೊಂದಾಣಿಕೆಗಳು. ವ್ಯವಸ್ಥೆ ನಿಂತಿರುವುದು ಇವುಗಳ ಮೇಲೆ. ಇವನ್ನು ಬರೆದಿಟ್ಟವರು ಕಡಿಮೆ.

ಮೂರನೇ ಭಾಗಕ್ಕೆ ಬರುತ್ತೇನೆ. ಹೊರಗಿನ ಚೌಕಟ್ಟು ನಮ್ಮ ನೆಲದಲ್ಲಿ ಎಲ್ಲಿ ಸಾಲದೆ ಹೋಗುತ್ತದೆ?

ಮೊದಲು ಗಡಿ. ಐವ್ಸ್ ಮತ್ತು ಸಂಗಡಿಗರು ‘ಸಂಸ್ಥೆಯ ಪರಿಸರ’ ಎಂದಾಗ ಒಂದು ಕಂಪನಿಯನ್ನು ಮನಸ್ಸಿನಲ್ಲಿಟ್ಟಿದ್ದರು, ಅದರ ಗಡಿ ಗೊತ್ತಿತ್ತು. ನಮ್ಮಲ್ಲಿ ಗಡಿಯೇ ಓಡಾಡಿದೆ. ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಸಂವಿಧಾನದ 371ಜೆ ವಿಧಿಯ ವಿಶೇಷ ಸೌಲಭ್ಯಕ್ಕಾಗಿ ನಡೆದ ಹೋರಾಟದ ನಂತರ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. 2011ರ ಜನಗಣತಿಯಲ್ಲಿ ಹರಪನಹಳ್ಳಿಯನ್ನು ಹುಡುಕುವವರು ದಾವಣಗೆರೆಯ ಪುಟ ತೆರೆಯಬೇಕು. ಅದೇ ಗಣತಿಯಲ್ಲಿ ಕೊಟ್ಟೂರು ಪ್ರತ್ಯೇಕ ತಾಲ್ಲೂಕಲ್ಲ, ಕೂಡ್ಲಿಗಿಯ ಒಳಗಿದೆ. ಹೀಗಿರುವಾಗ 2011ರ ಕೂಡ್ಲಿಗಿಯನ್ನೂ ಇವತ್ತಿನ ಕೂಡ್ಲಿಗಿಯನ್ನೂ ಹೋಲಿಸಿ ‘ಫಲಾನುಭವಿಗಳ ಸಂಖ್ಯೆ ಇಳಿದಿದೆ’ ಎಂದು ಬರೆದರೆ, ಇಳಿದದ್ದು ಫಲಾನುಭವಿಗಳಲ್ಲ, ತಾಲ್ಲೂಕಿನ ವಿಸ್ತೀರ್ಣ. ಜಿಲ್ಲಾವಾರು ಅಂಕಿಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡು ಸಂಖ್ಯಾಶಾಸ್ತ್ರದ ಪರೀಕ್ಷೆಗಳಿಗೆ ಒಡ್ಡುವ ಮುನ್ನ ಹಳ್ಳಿ ಹಳ್ಳಿಯಾಗಿ ಈ ಲೆಕ್ಕ ಸರಿಪಡಿಸಬೇಕು. ಬೇಸರದ ಕೆಲಸ ಹೌದು. ಆದರೆ ಇದಿಲ್ಲದೆ ಮುಂದಿನದೆಲ್ಲ ಹುಸಿ.

ಎರಡನೆಯದು ಕಾಲ. ನಮ್ಮ ದಾಖಲೆಗಳ ಕೆಳಗೆ ಹಳೆಯ ದಾಖಲೆಗಳ ಪದರವಿದೆ. 1800ರಲ್ಲಿ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ಸೀಮೆ ಇದು. ಥಾಮಸ್ ಮನ್ರೋ ಇಲ್ಲಿ 1807ರವರೆಗೆ ಪ್ರಧಾನ ಕಲೆಕ್ಟರ್ ಆಗಿದ್ದು ಹೊಲಗಳನ್ನು ಅಳೆಸಿ ರೈತವಾರಿ ಪದ್ಧತಿಗೆ ಬುನಾದಿ ಹಾಕಿದವರು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಕಂದಾಯ ಲೆಕ್ಕ ಮದರಾಸು ಪದ್ಧತಿಯಲ್ಲಿ ನಡೆಯಿತು. ಅಡಂಗಲ್, ಚಿಟ್ಟಾ ಎಂಬ ಭೂದಾಖಲೆಗಳನ್ನು ಬರೆದವರು ಕರಣಂ ಎಂಬ ಗ್ರಾಮ ಲೆಕ್ಕಿಗರು. ವಂಶಪಾರಂಪರ್ಯದ ಗ್ರಾಮಾಧಿಕಾರ 1961ರ ಕಾಯ್ದೆಯಿಂದ ರದ್ದಾಗಿ, ಕರ್ನಾಟಕ ಭೂಕಂದಾಯ ಕಾಯ್ದೆ 1964ರಲ್ಲಿ ಬಂದ ಮೇಲೆ ಪಹಣಿಯ ಈಗಿನ ರೂಪ ನೆಲೆಗೊಂಡಿತು. ಹಳೇ ಮೈಸೂರಿನ ಮದ್ದೂರಿನಲ್ಲಿ ಕೆಲಸ ಮಾಡಿದ ತಂತ್ರಾಂಶ ಮದರಾಸಿನ ಹಿನ್ನೆಲೆಯ ಕೂಡ್ಲಿಗಿಯಲ್ಲೂ ಹಾಗೆಯೇ ಕೆಲಸ ಮಾಡಿತೇ, ದತ್ತಾಂಶ ತುಂಬುವಾಗ ಯಾವ ಬಗೆಯ ತಪ್ಪುಗಳು ಎಲ್ಲಿ ಹೆಚ್ಚಾದವು ಎಂಬುದು ಸೊಗಸಾದ ಸಂಶೋಧನಾ ಪ್ರಶ್ನೆ. ಇತಿಹಾಸ ವಿಭಾಗದವರೂ ವಾಣಿಜ್ಯ ವಿಭಾಗದವರೂ ಒಟ್ಟಿಗೆ ಕೂತು ಮಾಡಬೇಕಾದದ್ದು.

ಮೂರನೆಯದು, ಒಂದು ವ್ಯವಸ್ಥೆ ಒಂಟಿಯಾಗಿ ಇಲ್ಲದಿರುವುದು. ಇದನ್ನು ಹತ್ತಿರದಿಂದ ನೋಡೋಣ. ಹೊಸಹಳ್ಳಿ ಹೋಬಳಿಯ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಗಂಡ ತೀರಿಕೊಂಡಿದ್ದಾರೆ, ಮೂರು ಎಕರೆ ಶೇಂಗಾ ಹೊಲ ಆಕೆಯೇ ಉಳುತ್ತಾಳೆ. ನಮೂನೆ 16ರ ಪಹಣಿಯನ್ನು ಕೈಗೆತ್ತಿಕೊಂಡರೆ 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಕಾಲಂನಲ್ಲಿ, ಮಾವನ ಹೆಸರಿದೆ. ಅವರು ತೀರಿ ಎಷ್ಟೋ ವರ್ಷವಾಯಿತು, ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿಲ್ಲ. 11ನೇ ಕಾಲಂನಲ್ಲಿ ಹಳೆಯ ಸಹಕಾರ ಸಂಘದ ಸಾಲದ ನಮೂದು ಇನ್ನೂ ಉಳಿದಿದೆ. ಬೆಳೆಯ ಕಾಲಂನಲ್ಲಿ ಮೆಕ್ಕೆಜೋಳ ಎಂದಿದೆ. ಪಹಣಿ ಆಕೆಯ ಹೆಸರಿನಲ್ಲಿಲ್ಲವಾದ್ದರಿಂದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಆ ಜಮೀನಿನ ಮೇಲೆ ಆಕೆಗೆ ರೈತ ಗುರುತಿನ ಸಂಖ್ಯೆ (ಎಫ್‌ಐಡಿ) ಇಲ್ಲ. ಎಫ್‌ಐಡಿ ಇಲ್ಲವೆಂದರೆ ಬರ ಪರಿಹಾರ ಖಾತೆಗೆ ಬರುವುದು ಕಷ್ಟ. ಮೊಬೈಲ್ ಆ್ಯಪ್‌ನ ಬೆಳೆ ಸಮೀಕ್ಷೆಯಲ್ಲಿ ಒಂದು ಬೆಳೆ, ‘ಸಂರಕ್ಷಣೆ’ ಪೋರ್ಟಲಿನ ವಿಮೆ ಅರ್ಜಿಯಲ್ಲಿ ಇನ್ನೊಂದು ಬೆಳೆ ಇದ್ದರೆ ತಾಳೆಯಾಗದೆ ವಿಮೆ ತಡೆಯುತ್ತದೆ. ಭೂಮಿ, ಫ್ರೂಟ್ಸ್, ಬೆಳೆ ಸಮೀಕ್ಷೆ, ಸಂರಕ್ಷಣೆ: ನಾಲ್ಕೂ ಬಿಡಿಬಿಡಿಯಾಗಿ ಚೆನ್ನಾಗಿಯೇ ನಡೆಯುತ್ತಿರಬಹುದು. ಅವು ಒಂದಕ್ಕೊಂದು ಸೇರುವ ಜಾಗದಲ್ಲಿ ಆಕೆ ಬಿದ್ದುಹೋಗುತ್ತಾಳೆ.

ಡೆಲೋನ್ ಮತ್ತು ಮೆಕ್ಲೀನ್ 1992ರಲ್ಲಿ, ಸುಮಾರು 180 ಲೇಖನಗಳನ್ನು ಜಾಲಾಡಿ, ವ್ಯವಸ್ಥೆಯ ಯಶಸ್ಸನ್ನು ಆರು ಆಯಾಮಗಳಲ್ಲಿ ಅಳೆಯುವ ಮಾದರಿ ಕೊಟ್ಟರು: ವ್ಯವಸ್ಥೆಯ ಗುಣಮಟ್ಟ, ಮಾಹಿತಿಯ ಗುಣಮಟ್ಟ, ಬಳಕೆ, ಬಳಕೆದಾರರ ತೃಪ್ತಿ, ವ್ಯಕ್ತಿಯ ಮೇಲಿನ ಪರಿಣಾಮ, ಸಂಸ್ಥೆಯ ಮೇಲಿನ ಪರಿಣಾಮ. 2003ರಲ್ಲಿ ಸೇವೆಯ ಗುಣಮಟ್ಟವನ್ನೂ ಸೇರಿಸಿದರು. ಬಹಳ ಉಪಯುಕ್ತ ಮಾದರಿ, ನಮ್ಮ ವಿದ್ಯಾರ್ಥಿಗಳು ಅತಿ ಹೆಚ್ಚು ಎರವಲು ಪಡೆಯುವುದೂ ಇದನ್ನೇ. ಆದರೆ ಇದು ಒಂದು ವ್ಯವಸ್ಥೆಯ ಒಬ್ಬ ಬಳಕೆದಾರರನ್ನು ಕೇಳುತ್ತದೆ. ಮೇಲೆ ಹೇಳಿದ ಹೆಣ್ಣುಮಗಳು ನಾಲ್ಕರಲ್ಲಿ ಯಾವುದರ ಬಳಕೆದಾರಳೂ ಅಲ್ಲ. ತೃಪ್ತಿ ಸಮೀಕ್ಷೆಯ ಮಾದರಿಯಲ್ಲಿ ಆಕೆ ಬರುವುದೇ ಇಲ್ಲ. ಸತ್ತವರ ಹೆಸರಿನ ಪಹಣಿಗಳು ಇಷ್ಟೊಂದು ಉಳಿದಿವೆ ಎಂಬ ಅರಿವು ಸರ್ಕಾರಕ್ಕೂ ಪಹಣಿಗೆ ಆಧಾರ್ ಜೋಡಿಸುವ 2024ರ ಕೆಲಸದಲ್ಲಿ ಗಟ್ಟಿಯಾಯಿತು. ಆಮೇಲೆ ಇ-ಪೌತಿ ಆಂದೋಲನ ಬಂತು. ಅದು ಒಳ್ಳೆಯ ಹೆಜ್ಜೆ ಎಂದು ನಾನು ಮನಸಾರೆ ನಂಬುತ್ತೇನೆ. ಆದರೆ ಇಪ್ಪತ್ತು ವರ್ಷಗಳ ‘ಯಶಸ್ಸಿನ’ ಅಧ್ಯಯನಗಳು ಈ ಸಂಗತಿಯನ್ನು ಅದಕ್ಕೂ ಮೊದಲೇ ಹೇಳಬಹುದಿತ್ತು, ಸರಿಯಾದ ಜಾಗದಲ್ಲಿ ನಿಂತಿದ್ದರೆ.

ಇದೇ ಮಾತು ಗುಳೆ ಹೋಗುವವರಿಗೂ ಸಲ್ಲುತ್ತದೆ. ಮುಂಗಾರು ಬೆಳೆ ಮುಗಿದ ಮೇಲೆ ಕೂಡ್ಲಿಗಿ, ಹರಪನಹಳ್ಳಿ ಕಡೆಯ ತಾಂಡಾಗಳಿಂದ, ಹಟ್ಟಿಗಳಿಂದ ಕುಟುಂಬಗಳು ಕಾಫಿ ಸೀಮೆಗೆ, ಕಬ್ಬಿನ ಸೀಮೆಗೆ, ಬೆಂಗಳೂರಿನ ಕಟ್ಟಡಗಳಿಗೆ ಹೋಗುತ್ತವೆ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಸ್ಥಳ, ಸಮಯದ ಗುರುತಿರುವ ಫೋಟೊ ತೆಗೆದು ಹಾಜರಿ ಹಾಕುವುದು ಎಲ್ಲೆಡೆ ಕಡ್ಡಾಯವಾಯಿತು. ಹಾಜರಿ ಹಾಕಿದವರ ಲೆಕ್ಕ ಎಂಐಎಸ್‌ನಲ್ಲಿ ಸಿಗುತ್ತದೆ. ಕೆಲಸ ಕೇಳಲೇ ಆಗದೆ ಊರು ಬಿಟ್ಟವರ ಲೆಕ್ಕ ಆ ಪರದೆಯ ಮೇಲೆ ಎಲ್ಲೂ ಇಲ್ಲ. ಆದ್ದರಿಂದ ನಾನು ಚೌಕಟ್ಟಿಗೆ ಒಂದು ಆರನೇ ಪರಿಸರ ಸೇರಿಸಬೇಕೆಂದು ಸೂಚಿಸುತ್ತೇನೆ: ವ್ಯವಸ್ಥೆಯ ಹೊರಗೆ ಉಳಿದವರ ಪರಿಸರ. ಉಳಿದ ಐದನ್ನು ಅಮೆರಿಕದವರು ಕೊಟ್ಟಿದ್ದಾರೆ, ಇದನ್ನು ನಮ್ಮ ತಾಲ್ಲೂಕುಗಳು ಕೊಡಬಹುದು.

ಕೊನೆಯ ಭಾಗ. ಇದೆಲ್ಲವನ್ನು ಒಬ್ಬ ವಿದ್ಯಾರ್ಥಿ ಹೇಗೆ ಕೆಲಸಕ್ಕೆ ಇಳಿಸಬೇಕು? ಅಧ್ಯಯನದ ಘಟಕವಾಗಿ ಜಿಲ್ಲೆಯನ್ನೂ ತಾಲ್ಲೂಕನ್ನೂ ಬಿಟ್ಟು ಹೋಬಳಿಯನ್ನು ಹಿಡಿಯಿರಿ. ಜನ ನಿಜವಾಗಿ ಹೋಗಿ ನಿಲ್ಲುವುದು ನಾಡಕಚೇರಿಯ ಮುಂದೆ, ಮತ್ತು ಜಿಲ್ಲೆಯ ಗಡಿ ಎಷ್ಟು ಸಲ ಬದಲಾದರೂ ನಿಮ್ಮ ಘಟಕ ಹೆಚ್ಚು ಅಲುಗಾಡುವುದಿಲ್ಲ. ಯಾವುದಾದರೂ ಒಂದೇ ಸೇವೆ ಆರಿಸಿಕೊಳ್ಳಿ. ಪೌತಿ ಖಾತೆ ಒಳ್ಳೆಯ ಆಯ್ಕೆ, ಏಕೆಂದರೆ ಅದರಲ್ಲಿ ಚೌಕಟ್ಟಿನ ಎಲ್ಲ ಮನೆಗಳೂ ಬರುತ್ತವೆ. ಓದಿದ ಪ್ರತಿಯೊಂದು ಪ್ರಬಂಧವನ್ನೂ ಕಾರ್ಡಿನ ಮೇಲೆ ಬರೆದು ಚೌಕಟ್ಟಿನ ಯಾವ ಮನೆಗೆ ಸೇರುತ್ತದೋ ಅಲ್ಲಿಡಿ. ಎರಡು ಮನೆಗೆ ಸೇರುವುದಿದ್ದರೆ ಎರಡು ಕಾರ್ಡು ಬರೆಯಿರಿ. ಯಾವ ಮನೆಗೂ ಸೇರದ್ದು ಬಂದರೆ ಸಂತೋಷಪಡಿ: ಅಲ್ಲಿ ಚೌಕಟ್ಟನ್ನೇ ತಿದ್ದಬೇಕಾಗುತ್ತದೆ, ಆ ತಿದ್ದುಪಡಿಯೇ ನಿಮ್ಮ ಕೊಡುಗೆ. ಪ್ರಶ್ನಾವಳಿಯನ್ನು ಇಂಗ್ಲಿಷಿನಿಂದ ಇಳಿಸಬೇಡಿ. ಜನ ಆಡುವ ಪಹಣಿ, ಪೋಡಿ, ಖಾತೆ, ತಕರಾರುಗಳ ಮಾತಿನಲ್ಲೇ ಕಟ್ಟಿ.

ಪುರಾವೆಗಳನ್ನು ಮೂರು ಕಡೆಯಿಂದ ತನ್ನಿ. ವ್ಯವಸ್ಥೆಯ ಒಳಗಿನ ಅಂಕಿಗಳು ಮೊದಲನೆಯವು. 2012ರ ಏಪ್ರಿಲ್ 2ರಂದು ಶುರುವಾದ, ನಿಗದಿತ ಅವಧಿಯೊಳಗೆ ಸೇವೆ ಕೊಡುವ ‘ಸಕಾಲ’ ಯೋಜನೆಯ ವಿಲೇವಾರಿ ಲೆಕ್ಕಗಳು ಸಿಗುತ್ತವೆ, ಸಿಗದಿದ್ದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಆದರೆ ಅರ್ಜಿ ತಿರಸ್ಕಾರವಾದರೂ ಅದು ವಿಲೇವಾರಿಯೇ ಎಂಬುದನ್ನು ಮರೆಯದೆ ತಿರಸ್ಕಾರದ ಸಂಖ್ಯೆಯನ್ನು ಬೇರೆಯಾಗಿಯೇ ಕೇಳಿ. ಎರಡನೆಯದು ಓಡಿಸುವವರ ಮಾತು. ಗ್ರಾಮ ಆಡಳಿತ ಅಧಿಕಾರಿಯ ಜೊತೆ ಒಂದು ವಾರ ಓಡಾಡಿ, ಯಾವ ಆ್ಯಪ್‌ಗೆ ಎಷ್ಟು ಹೊತ್ತು ಹೋಗುತ್ತದೆ ಎಂದು ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಿ. ಹೆಸರುಗಳನ್ನು ಮುಚ್ಚಿಡುವ ಹೊಣೆ ನಿಮ್ಮದು.

ಮೂರನೆಯದಕ್ಕೆ ಯಾವ ತಂತ್ರಾಂಶವೂ ನೆರವಾಗುವುದಿಲ್ಲ. ನಾಡಕಚೇರಿಗೆ ಬಂದು, ಅರ್ಜಿ ಕೊಡದೆಯೇ ಹಿಂತಿರುಗಿದವರಿಗೆ ಸ್ವೀಕೃತಿ ಸಂಖ್ಯೆ ಇರುವುದಿಲ್ಲ. ಸರ್ವರ್ ಡೌನ್, ವಂಶವೃಕ್ಷ ತನ್ನಿ, ಮರಣ ಪ್ರಮಾಣಪತ್ರ ತನ್ನಿ, ನಾಳೆ ಬನ್ನಿ ಎಂದು ಕೇಳಿ ಹೋದವರ ಭೇಟಿ ಯಾವ ದತ್ತಾಂಶದಲ್ಲೂ ಉಳಿಯುವುದಿಲ್ಲ. ಹಾಗಾಗಿ ಕಿಟಕಿಯ ಹೊರಗೆ, ಬೆಂಚಿನ ಮೇಲೆ ಕುಳಿತು ಒಂದು ನೋಟುಪುಸ್ತಕದಲ್ಲಿ ಬರೆಯಿರಿ: ದಿನಾಂಕ, ಬಂದ ಊರು, ಬಂದ ಕೆಲಸ, ಹಿಂತಿರುಗಿದ ಕಾರಣ, ಆ ದಿನದ ಕೂಲಿ ಹೋಯಿತೇ, ಬಸ್ಸಿಗೆ ಎಷ್ಟು ಖರ್ಚಾಯಿತು. ಸುಗ್ಗಿಗೆ ಮುಂಚೆ ಒಂದು ತಿಂಗಳು, ಗುಳೆ ಹೋದವರು ಹಬ್ಬಕ್ಕೆ ಊರಿಗೆ ಬರುವ ಕಾಲದಲ್ಲಿ ಒಂದು ತಿಂಗಳು ಇದನ್ನು ಮಾಡಿ. ಹೊಸಹಳ್ಳಿಯಲ್ಲಿ ಒಬ್ಬರು, ಹಡಗಲಿಯ ನದಿ ದಂಡೆಯ ಹೋಬಳಿಯೊಂದರಲ್ಲಿ ಇನ್ನೊಬ್ಬರು, ಹರಪನಹಳ್ಳಿಯಲ್ಲಿ ಮತ್ತೊಬ್ಬರು ಒಂದೇ ಕಾಲಂಗಳಲ್ಲಿ ಬರೆದರೆ ಮೂರು ಪುಸ್ತಕಗಳನ್ನು ಜೋಡಿಸಿ ಓದಬಹುದು. ಆ ಮೂರು ಪುಸ್ತಕಗಳ ಪ್ರತಿಯನ್ನು ನಿಮ್ಮ ಗ್ರಂಥಾಲಯದಲ್ಲಿಡಿ, ಇನ್ನೊಂದು ಪ್ರತಿಯನ್ನು ತಹಶೀಲ್ದಾರರಿಗೆ ಕೊಡಿ.